ಇದು ನಿಜ, ಇದೂ ನಿಜ

ಆ ಅಂಗಡಿಯಲ್ಲಿ ‘ತಿಳೀತಿಲ್ಲ’ ಎನ್ನುವುದು ಒಳ್ಳೆಯ ಸುದ್ದಿಯಾಗಿತ್ತು. ಬೇರೆ ಕಡೆ ರಿಪೇರಿಯವನ ಬಾಯಿಂದ ಆ ಮಾತು ಬಂದರೆ ಗಿರಾಕಿ ತನ್ನ ಸಾಮಾನು ಎತ್ತಿಕೊಂಡು ಪಕ್ಕದ ಅಂಗಡಿಗೆ ನಡೆಯುತ್ತಾನೆ. ಈ ಹೊಲಿಗೆ ಮಿಷನ್ ರಿಪೇರಿ ಅಂಗಡಿಯಲ್ಲಿ ಮಾತ್ರ, ಬಿಚ್ಚಿಟ್ಟ ಮಿಷನ್ನಿನ ಮುಂದೆ ಕೂತ ಯಜಮಾನ ‘ತಿಳೀತಿಲ್ಲ’ ಎಂದರೆ ಸಾಕು, ಅವನ ಹೆಂಡತಿ ಮುಂದಿನ ಮೇಜಿನಿಂದಲೇ ‘ಒಳ್ಳೇದಾಯ್ತು’ ಎನ್ನುತ್ತಿದ್ದಳು. ಹಳೆಯ ಗಿರಾಕಿಗಳ ಮುಖ ಅರಳುತ್ತಿತ್ತು. ಇನ್ನು ತಮ್ಮ ಮಿಷನ್ ಸರಿಹೋದ ಹಾಗೆಯೇ ಎಂದು ಅವರು ನೆಮ್ಮದಿಯಾಗಿ ಮನೆಗೆ ಹೋಗುತ್ತಿದ್ದರು.

ಬೀದಿಯವರು ಅವನಿಗೆ ಗೊಂದಲಪ್ಪ ಎಂದು ಹೆಸರಿಟ್ಟಿದ್ದರು, ಅವಳಿಗೆ ಥಟ್ಟಮ್ಮ. ಬೆನ್ನ ಹಿಂದೆ ಹುಟ್ಟಿದ ಹೆಸರುಗಳು ಬರಬರುತ್ತ ಮುಖದ ಮುಂದೆಯೇ ಬಂದು ಕೂತವು. ಗೊಂದಲಪ್ಪನಿಗೆ ಅದರಿಂದ ಬೇಸರವೇನೂ ಇರಲಿಲ್ಲ. ಥಟ್ಟಮ್ಮನಿಗೆ ಮಾತ್ರ ಒಳಗೊಳಗೇ ಉರಿ, ಏಕೆಂದರೆ ಆ ಹೆಸರು ಅವಳಿಗೆ ಸರಿಯಾಗಿ ಹೊಂದುತ್ತಿತ್ತು. ಗಿರಾಕಿ ಬಾಯಿ ತೆರೆಯುವ ಮೊದಲೇ ಅವಳ ಉತ್ತರ ತಯಾರು. ಸೂಜಿ ಮೊಂಡಾಗಿದೆ, ಬೆಲ್ಟು ಸಡಿಲವಾಗಿದೆ, ಎಣ್ಣೆ ಬಿಟ್ಟು ಎಷ್ಟು ಕಾಲವಾಯಿತು ಮಹರಾಯರೇ ಎಂದು ಥಟ್ಟನೆ ಹೇಳಿಬಿಡುತ್ತಿದ್ದಳು. ಹತ್ತಕ್ಕೆ ಎಂಟು ಸಲ ಅವಳ ಮಾತು ಸರಿಯಾಗಿರುತ್ತಿತ್ತು. ತೊಂದರೆ ಇದ್ದದ್ದೇ ಅಲ್ಲಿ. ಹತ್ತಕ್ಕೆ ಎಂಟು ಸಲ ಸರಿಯಾಗುವವರಿಗೆ ಉಳಿದ ಎರಡು ಸಲವೂ ತಾವು ಸರಿ ಎಂದೇ ಅನ್ನಿಸುತ್ತದೆ. ಅಂಥವರನ್ನು ಕಂಡರೆ ಲೋಕ ಸಲಾಮು ಹೊಡೆಯುತ್ತದೆ, ಬೇಕಾದರೆ ನಿಮ್ಮ ಸುತ್ತಮುತ್ತ ಒಮ್ಮೆ ನೋಡಿ.

ಅವಳ ಆ ರೋಗ ಬಿಡಿಸಿದವನು ಗಂಡನೇ. ಮದುವೆಯಾದ ಮೊದಲ ವರ್ಷ, ಮನೆಯಲ್ಲೇ ಶಾಲೆಯ ಯೂನಿಫಾರಂ ಹೊಲಿದು ಕೊಡುವ ಹೆಂಗಸೊಬ್ಬಳು ತನ್ನ ಮಿಷನ್ನನ್ನು ಮೂರನೆಯ ಸಲ ಹೊರಿಸಿಕೊಂಡು ಬಂದಳು. ಹೊಲಿಗೆ ತಪ್ಪುತ್ತದೆ, ನಾಲ್ಕು ಬಿದ್ದರೆ ಐದನೆಯದು ಹಾರಿಹೋಗುತ್ತದೆ ಎಂದು ಅವಳ ದೂರು. ಅಂಗಡಿಯಲ್ಲಿ ಚಿಂದಿ ಬಟ್ಟೆಯ ಮೇಲೆ ಓಡಿಸಿ ನೋಡಿದರೆ ಒಂದು ಹೊಲಿಗೆಯೂ ತಪ್ಪುತ್ತಿರಲಿಲ್ಲ. ಮೊದಲ ಸಲ ಥಟ್ಟಮ್ಮ ಸೂಜಿಯದೇ ತಪ್ಪು ಎಂದಿದ್ದಳು, ಸೂಜಿ ಬದಲಾಯಿಸಿ ಕಳಿಸಿದ್ದರು. ಎರಡನೆಯ ಸಲ ದಾರ ಸರಿಯಿಲ್ಲ ಎಂದಿದ್ದಳು, ಆ ಹೆಂಗಸು ದಾರವನ್ನೂ ಬದಲಾಯಿಸಿದ್ದಳು. ಮೂರನೆಯ ಸಲ ತಾಳ್ಮೆಗೆಟ್ಟು, ಮಿಷನ್ ಸರಿಯಾಗಿದೆ, ನಿಮ್ಮ ಕೈಯೇ ಸರಿಯಿಲ್ಲ ಎಂದುಬಿಟ್ಟಳು. ಆ ಹೆಂಗಸು ಬಾಗಿಲ ಬಳಿಯೇ ನಿಂತು ಅತ್ತಳು. ಶಾಲೆ ತೆರೆಯಲು ಎರಡೇ ವಾರವಿತ್ತು, ಅವಳ ಮನೆ ತುಂಬ ಕತ್ತರಿಸಿಟ್ಟ ಬಟ್ಟೆ ಬಿದ್ದಿತ್ತು.

ಗೊಂದಲಪ್ಪ ಹೆಂಡತಿಯನ್ನು ಬೈಯಲಿಲ್ಲ. ಸ್ಟೂಲು ಎಳೆದುಕೊಂಡು ಮಿಷನ್ನಿನ ಮುಂದೆ ಕೂತ. ಊಟಕ್ಕೆ ಕರೆದರೆ ಅವನಿಗೆ ಕೇಳಿಸಲಿಲ್ಲ. ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಬಾಯಿ ಬಿಟ್ಟ.

“ಮಿಷನ್ ಸುಳ್ಳು ಹೇಳ್ತಿಲ್ಲ. ಆಯಮ್ಮನೂ ಸುಳ್ಳು ಹೇಳ್ತಿಲ್ಲ. ಇದು ನಿಜ, ಇದೂ ನಿಜ, ಆದ್ರೆ ಒಂದಕ್ಕೊಂದು ಹೊಂದ್ತಿಲ್ಲ. ಹೊಂದದೇ ಇದ್ದಾಗ ನೀನೇನ್ ಮಾಡ್ತೀಯ ಗೊತ್ತಾ? ಒಂದನ್ನ ಎತ್ತಿ ಆಚೆ ಬಿಸಾಕ್ತೀಯ. ಆಮೇಲೆ ನಿಂಗೆ ಎಲ್ಲಾ ಸ್ಪಷ್ಟವಾಗಿ ಕಾಣುತ್ತೆ.”

ಮರುದಿನ ಅವನು ಆ ಹೆಂಗಸಿನ ಮನೆಗೇ ಹೋಗಿ ಒಂದು ಮೂಲೆಯಲ್ಲಿ ಅರ್ಧ ದಿನ ಕೂತು ಬಂದ. ಅಂಗಡಿಯಲ್ಲಿ ಪರೀಕ್ಷೆಗೆ ಅಂಗೈಯಗಲದ ಚಿಂದಿ ಇಡುತ್ತಿದ್ದರು. ಅವಳ ಮನೆಯಲ್ಲಿ ನೆರಿಗೆ ಹಿಡಿದ ಇಡೀ ಲಂಗ ಮೇಜಿನ ಅಂಚಿನಿಂದ ಕೆಳಗೆ ಜೋತು ಬೀಳುತ್ತಿತ್ತು. ಅದರ ಭಾರಕ್ಕೆ ಬಟ್ಟೆ ಜಗ್ಗಿ, ಸೂಜಿ ಕಣ್ಣಿಗೆ ಕಾಣದಷ್ಟು ಬಾಗಿ, ಕೆಳಗಿನ ಕೊಕ್ಕೆಗೆ ದಾರ ಸಿಗುತ್ತಿರಲಿಲ್ಲ. ಮೇಜಿನ ಪಕ್ಕಕ್ಕೆ ಒಂದು ಹಲಗೆ ಸೇರಿಸಿ ಬಟ್ಟೆ ಅದರ ಮೇಲೆ ಕೂರುವಂತೆ ಮಾಡಿದ, ಅಷ್ಟೇ. ಆಮೇಲೆ ಆ ಮಿಷನ್ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ.

ಥಟ್ಟಮ್ಮನಿಗೆ ನಾಚಿಕೆಯಾಯಿತು. ಅವಳು ಹಟದ ಹೆಂಗಸು, ನಾಚಿಕೆಯಾದರೆ ಅದನ್ನು ಸುಮ್ಮನೆ ಬಿಡುವವಳಲ್ಲ. ಆ ವಾರವೇ ಅಂಗಡಿಗೆ ಒಂದು ಕಟ್ಟಳೆ ಮಾಡಿದಳು. ಗಂಡ ಆ ಸ್ಟೂಲಿನ ಮೇಲೆ ಕೂತರೆ ಯಾರೂ ಅವನನ್ನು ಮಾತಾಡಿಸಕೂಡದು. ತನಗೆ ಉತ್ತರ ಹೊಳೆದರೂ, ಅದು ನಾಲಿಗೆಯ ತುದಿಗೆ ಬಂದು ಕುಣಿದರೂ ಹೇಳಕೂಡದು. ಬೇರೆಯವರ ಉತ್ತರ ಕಿವಿಗೆ ಬಿದ್ದರೆ ಗೊಂದಲ ಅರ್ಧಕ್ಕೇ ಕೆಟ್ಟುಹೋಗುತ್ತದೆ ಎಂದು ಅವನು ಹೇಳಿದ್ದ. ‘ತಿಳೀತಿಲ್ಲ’ ಎಂದರೆ ‘ಒಳ್ಳೇದಾಯ್ತು’ ಎನ್ನುವುದು ಮೊದಲು ತಮಾಷೆಗೆ ಶುರುವಾದದ್ದು. ಆಮೇಲೆ ಅದು ಉಸಿರಾಟದಷ್ಟೇ ರೂಢಿಯಾಯಿತು. ಇಪ್ಪತ್ತೊಂಬತ್ತು ವರ್ಷ ಅವಳು ಬಾಯಿಗೆ ಬೀಗ ಹಾಕಿಕೊಂಡು ಕಾದಳು, ಪ್ರತಿ ಸಲವೂ ಅವನು ಉತ್ತರ ಹಿಡಿದುಕೊಂಡೇ ಎದ್ದ. ಗಂಡನ ಮೇಲೆ ಅವಳಿಗಿದ್ದ ಪ್ರೀತಿಯೆಲ್ಲ ಆ ಕಾಯುವುದರಲ್ಲೇ ಇತ್ತು. ಬೇರೆ ತರದಲ್ಲಿ ತೋರಿಸುವುದು ಅವಳಿಗೆ ಗೊತ್ತಿರಲಿಲ್ಲ.

ಅವನ ಹತ್ತಿರ ರಟ್ಟಿನ ಹೊದಿಕೆಯ ಪುಸ್ತಕವೊಂದಿತ್ತು. ಹಠ ಹಿಡಿದ ಮಿಷನ್ ಬಂದಾಗ ಒಂದು ಹೊಸ ಪುಟ ತೆಗೆದು, ನಡುವೆ ಗೆರೆ ಎಳೆದು, ಎಡಗಡೆ ‘ಇದು ನಿಜ’ ಎಂದೂ ಬಲಗಡೆ ‘ಇದೂ ನಿಜ’ ಎಂದೂ ಬರೆದು, ಒಂದಕ್ಕೊಂದು ಹೊಂದದ್ದನ್ನೆಲ್ಲ ಎದುರುಬದುರು ಇಡುತ್ತಿದ್ದ. ಕಾರಣ ಸಿಕ್ಕ ದಿನ ಕೆಳಗೆ ಒಂದು ಸಾಲು ಬರೆದು ಪುಟ ಮುಗಿಸುತ್ತಿದ್ದ. ಅವಳು ಕಂಡಂತೆ ಕೊನೆಯ ಸಾಲಿಲ್ಲದೆ ಉಳಿದದ್ದು ಒಂದೇ ಪುಟ. ಇಬ್ಬರನ್ನೂ ಪರೀಕ್ಷೆ ಮಾಡಿದ ಡಾಕ್ಟರು ಇಬ್ಬರಲ್ಲೂ ದೋಷವಿಲ್ಲ ಎಂದದ್ದು ಎಡಗಡೆ ಇತ್ತು, ಹನ್ನೊಂದು ವರ್ಷವಾದರೂ ಮಗುವಾಗಲಿಲ್ಲ ಎಂಬುದು ಬಲಗಡೆ. ಅದನ್ನು ಅವನು ಅವಳಿಗೆ ತೋರಿಸಿಯೇ ಬರೆದಿದ್ದ. ಇಬ್ಬರೂ ಆ ಪುಟದ ಮುಂದೆ ಒಂದು ಸಂಜೆ ಕೂತಿದ್ದು, ಅತ್ತು, ಆಮೇಲೆ ಎದ್ದು ಅಡುಗೆ ಮಾಡಿಕೊಂಡರು.

ಇಷ್ಟು ತಿಳಿಯದೆ ಮುಂದಿನದು ಅರ್ಥವಾಗುವುದಿಲ್ಲ, ಅದಕ್ಕೇ ಇಷ್ಟುದ್ದ ಹೇಳಿದ್ದು.

ಹೋದ ವರ್ಷ, ಶಾಲೆಗಳು ತೆರೆಯುವ ಗಡಿಬಿಡಿಯ ದಿನಗಳಲ್ಲಿ, ಗೊಂದಲಪ್ಪ ಕೆಳದಾರ ಸುತ್ತುವ ಒಂದು ಬಾಬಿನ್ನನ್ನು ಬೆರಳ ತುದಿಯಲ್ಲಿ ಹಿಡಿದು ನೋಡುತ್ತ ನಿಂತುಬಿಟ್ಟ. ಇದಕ್ಕೆ ಏನಂತಾರೆ ಎಂದು ಕೇಳಿದ. ಥಟ್ಟಮ್ಮನಿಗೆ ನಗು ಬಂತು. ಅವನು ಅಂಥ ಪ್ರಶ್ನೆಗಳನ್ನು ಕೇಳುವವನೇ. ಒಮ್ಮೆ ದಾರ ಅಂದರೇನು ಎಂದು ಕೇಳಿಕೊಂಡು ಎರಡು ದಿನ ತಲೆ ಕೆಡಿಸಿಕೊಂಡಿದ್ದ, ಮೂರನೆಯ ದಿನ ಯಾರಿಗೂ ಬಗ್ಗದ ಒಂದು ಮಿಷನ್ ಸರಿ ಮಾಡಿದ್ದ. ಹಾಗಾಗಿ ಅವಳು ಉತ್ತರ ಕೊಡದೆ ತನ್ನ ಕೆಲಸ ನೋಡಿಕೊಂಡಳು. ಕಟ್ಟಳೆ ಕಟ್ಟಳೆಯೇ.

ಆಮೇಲೆ ಒಂದೊಂದೇ ಶುರುವಾಯಿತು. ಅಂಗಿಯ ಗುಂಡಿ ಒಂದು ಕಾಜಾ ಮೇಲಕ್ಕೆ ಹಾಕಿಕೊಂಡು ಬರತೊಡಗಿದ. ಅಂಗಡಿಯಿಂದ ಬರುವಾಗ ಮನೆಯ ಬಾಗಿಲನ್ನೇ ದಾಟಿ ಬೀದಿಯ ಕೊನೆಯವರೆಗೆ ಹೋಗಿ ತಿರುಗಿ ಬರುತ್ತಿದ್ದ. ತಟ್ಟೆಯ ಬಲಗಡೆ ಬಡಿಸಿದ್ದು ಹಾಗೇ ಉಳಿಯುತ್ತಿತ್ತು. ಥಟ್ಟಮ್ಮ ಎಲ್ಲವನ್ನೂ ನೋಡಿದಳು, ಕುರುಡಿಯೇನಲ್ಲ. ನೋಡಿ ಹಿಗ್ಗಿದಳು. ಇಷ್ಟು ದೊಡ್ಡ ಗೊಂದಲ ಈವರೆಗೆ ಬಂದೇ ಇರಲಿಲ್ಲ, ಹಾಗಾದರೆ ಇದರಿಂದ ಹೊರಬರುವ ಉತ್ತರ ಎಂಥದಿರಬೇಡ ಎಂದು ಲೆಕ್ಕ ಹಾಕಿದಳು. ಗಿರಾಕಿಗಳಿಗೆ ಪಿಸುದನಿಯಲ್ಲಿ, ಅವರು ಏನೋ ದೊಡ್ಡದನ್ನೇ ಹಿಡಿದಿದ್ದಾರೆ, ಮಾತಾಡಿಸಬೇಡಿ ಎಂದು ಹೇಳುತ್ತಿದ್ದಳು. ಅವರೂ ದನಿ ತಗ್ಗಿಸಿ, ಚಪ್ಪಲಿ ಸದ್ದು ಮಾಡದೆ ಬಂದು ಹೋಗುತ್ತಿದ್ದರು. ಒಬ್ಬ ಮನುಷ್ಯ ಕೈಜಾರಿ ಹೋಗುತ್ತಿದ್ದಾಗ ಒಂದು ಬೀದಿಗೆ ಬೀದಿಯೇ ಗೌರವದಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತು.

ಗಂಡನ ತಂಗಿ ಅದೇ ಊರಲ್ಲಿದ್ದಳು, ವಾರಕ್ಕೊಮ್ಮೆ ಬಂದು ಹೋಗುವವಳು. ಅಣ್ಣ ಯಾಕೋ ಸೊರಗಿದ ಹಾಗೆ ಕಾಣುತ್ತಾನೆ ಎಂದು ಅವಳು ಎರಡು ಸಲ ಹೇಳಿದಳು. ನಿಮ್ಮಣ್ಣ ಯೋಚನೆ ಮಾಡುವಾಗ ಯಾವಾಗಲೂ ಸೊರಗುತ್ತಾರೆ ಎಂದು ಥಟ್ಟಮ್ಮ ಥಟ್ಟನೆ ಹೇಳಿದಳು. ಅದು ಸುಳ್ಳೂ ಆಗಿರಲಿಲ್ಲ.

ಒಂದು ಮಧ್ಯಾಹ್ನ ಅವನು ಸ್ಟೂಲಿನ ಮೇಲೆ ಕೂತು ಮೂರನೆಯ ದಿನವಾಗಿತ್ತು. ಮುಂದಿದ್ದದ್ದು ಮಾಮೂಲಿ ಮನೆಬಳಕೆಯ ಮಿಷನ್. ಸೂಜಿಯನ್ನು ಹಿಂದುಮುಂದಾಗಿ ಹಾಕಿದ್ದರು, ಬೇರೇನೂ ಆಗಿರಲಿಲ್ಲ. ಥಟ್ಟಮ್ಮ ದೂರದಿಂದಲೇ ಒಂದೇ ನೋಟಕ್ಕೆ ಅದನ್ನು ಕಂಡಿದ್ದಳು. ಆದರೆ ಇಷ್ಟು ಸುಲಭದ ಉತ್ತರ ಅವನಿಗೆ ಕಾಣುತ್ತಿಲ್ಲವೆಂದರೆ ಅದರ ಹಿಂದೆ ತನಗೆ ಕಾಣದ್ದು ಇನ್ನೇನೋ ಇರಬೇಕು ಎಂದುಕೊಂಡು ನಾಲಿಗೆ ಕಚ್ಚಿಕೊಂಡಳು. ಇಪ್ಪತ್ತೊಂಬತ್ತು ವರ್ಷ ಕಲಿತ ಪಾಠವನ್ನು ಮರೆಯುವ ಹೆಂಗಸಲ್ಲ ಅವಳು.

ಅವನು ತಲೆಯೆತ್ತಿ ಅವಳ ಕಡೆ ನೋಡಿದ.

“ತಿಳೀತಿಲ್ಲ ಕಣೇ.”

“ಒಳ್ಳೇದಾಯ್ತು ಬಿಡಿ.”

ಅವನು ಅವಳ ಮುಖವನ್ನೇ ನೋಡುತ್ತಿದ್ದ. ಆ ನೋಟ ಬೇರೆಯಾಗಿತ್ತು ಎಂದು ಈಗ ಅವಳಿಗೆ ಗೊತ್ತು. ಆಗ ಅವಳ ಕೈಯಲ್ಲಿ ಎಣ್ಣೆಬಟ್ಟೆಗಳಿದ್ದವು, ಅವನ್ನು ಮಡಿಸುತ್ತಿದ್ದಳು.

“ಇಲ್ಲ ಕಣೇ. ನಿಜವಾಗ್ಲೂ ತಿಳೀತಿಲ್ಲ.”

“ನಿಜವಾಗ್ಲೂ ಒಳ್ಳೇದಾಯ್ತು ರೀ,” ಎಂದು ಅವಳು ನಕ್ಕಳು. ಅವನೂ ಸ್ವಲ್ಪ ನಕ್ಕ. ಆಮೇಲೆ ಮತ್ತೆ ಮಿಷನ್ನಿನ ಕಡೆ ತಿರುಗಿ ಕೂತ.

ಅದಾಗಿ ಐದು ತಿಂಗಳಿಗೆ ಅಂಗಡಿಯ ಮೆಟ್ಟಿಲ ಮೇಲೆ ಬಿದ್ದ. ಕೈಕಾಲು ಸೆಟೆದು, ಬಾಯಲ್ಲಿ ನೊರೆ ಬಂತು. ಎದುರಿನ ದರ್ಜಿಯೂ ಅವಳೂ ಸೇರಿ ಆಸ್ಪತ್ರೆಗೆ ಹಾಕಿದರು. ತಲೆಯ ಒಳಗಿನ ಚಿತ್ರ ತೆಗೆದ ಡಾಕ್ಟರು ಅವಳಿಗಿಂತ ಹತ್ತು ವರ್ಷ ಚಿಕ್ಕವಳು, ಕಣ್ಣಡಿಯಲ್ಲಿ ನಿದ್ದೆಗೆಟ್ಟ ಕಪ್ಪು. ಮಾತು ಹುಟ್ಟುವ ಜಾಗದ ಹತ್ತಿರ ನಿಂಬೆಹಣ್ಣಿನ ಗಾತ್ರದ ಗಡ್ಡೆ ಬೆಳೆದಿದೆ ಎಂದಳು. ಅದು ನಿಧಾನಕ್ಕೆ ಬೆಳೆಯುವ ಜಾತಿಯದೋ ಅವಸರದ್ದೋ ಎಂದು ಚಿತ್ರ ಅರ್ಧ ಮಾತ್ರ ಹೇಳುತ್ತದೆ, ಉಳಿದರ್ಧವನ್ನು ಮನೆಯವರೇ ಹೇಳಬೇಕು ಎಂದಳು. ನಿಧಾನದ್ದಾದರೆ ಶಸ್ತ್ರಚಿಕಿತ್ಸೆಗೆ ಧೈರ್ಯ ಮಾಡಬಹುದು. ಅವಸರದ್ದಾದರೆ ಅವರನ್ನು ಕೊಯ್ದು ನೋಯಿಸುವುದಕ್ಕೂ ಯೋಚಿಸಬೇಕು.

“ಗೊಂದಲ ಯಾವಾಗಿಂದ ಶುರುವಾಯ್ತು?” ಎಂದು ಕೇಳಿದಳು.

“ನಮ್ಮ ಮದುವೆ ಆದಾಗಿಂದ,” ಎಂದಳು ಥಟ್ಟಮ್ಮ.

ಡಾಕ್ಟರು ಪೆನ್ನು ಕೆಳಗಿಟ್ಟಳು. ಆಘಾತಕ್ಕೆ ಈ ಹೆಂಗಸು ಏನೇನೋ ಮಾತಾಡುತ್ತಿದ್ದಾಳೆ ಎಂದುಕೊಂಡಿರಬೇಕು. ಒಂದು ಲೋಟ ನೀರು ಕೊಟ್ಟು, ನಾಳೆ ಮಧ್ಯಾಹ್ನದೊಳಗೆ ನೆನಪು ಮಾಡಿಕೊಂಡು ಹೇಳಿ, ಅದರ ಮೇಲೆ ಎಲ್ಲ ನಿಂತಿದೆ ಎಂದಳು.

ಬೆಳಗ್ಗೆ ಥಟ್ಟಮ್ಮ ನಾದಿನಿಯನ್ನು ಆಸ್ಪತ್ರೆಯಲ್ಲಿ ಕೂರಿಸಿ ಅಂಗಡಿಯ ಬಾಗಿಲು ತೆಗೆದಳು. ನೆನಪು ಮಾಡಿಕೊಳ್ಳಲು ಕೂತರೆ ನೆನಪೆಲ್ಲ ಅವಳಿಗೆ ಕೈಕೊಟ್ಟಿತು. ಯಾವ ಗೊಂದಲ ಅವನದು, ಯಾವುದು ಗಡ್ಡೆಯದು? ಎರಡಕ್ಕೂ ಒಂದೇ ಮುಖ, ಒಂದೇ ಮೌನ. ಬಾಬಿನ್ ಹಿಡಿದು ನಿಂತದ್ದು ಅವನೇ ಇರಬಹುದು. ಬೀದಿಯ ಕೊನೆಗೆ ನಡೆದದ್ದು? ಅದನ್ನೂ ಅವನು ಮೊದಲಿನಿಂದ ಮಾಡುತ್ತಿದ್ದ. ಮೊದಲಿನ ಥಟ್ಟಮ್ಮ ಆಗಿದ್ದರೆ ಆರು ತಿಂಗಳು ಎಂದೋ ಎರಡು ತಿಂಗಳು ಎಂದೋ ಒಂದನ್ನು ಹೇಳಿ ಮುಗಿಸುತ್ತಿದ್ದಳು. ಅವನ ಜೀವದ ವಿಷಯದಲ್ಲಿ ಹಾಗೆ ಮಾಡಲು ಧೈರ್ಯ ಬರಲಿಲ್ಲ. ಕೊನೆಗೆ ಅವನು ಏನು ಮಾಡುತ್ತಿದ್ದನೋ ಅದನ್ನೇ ಮಾಡಿದಳು. ಸ್ಟೂಲಿನ ಮೇಲೆ ಕೂತು ಎರಡನ್ನೂ ಎದುರಿಗಿಟ್ಟುಕೊಂಡಳು.

ಬಹಳ ಹೊತ್ತಿನ ಮೇಲೆ ಒಂದು ವ್ಯತ್ಯಾಸ ಕಂಡಿತು. ಅವನ ಗೊಂದಲಕ್ಕೆ ಯಾವಾಗಲೂ ಎರಡು ಬದಿ ಇರುತ್ತಿದ್ದವು. ಏನು ತಿಳಿಯುತ್ತಿಲ್ಲ ಎಂಬುದು ಅವನಿಗೆ ಚೆನ್ನಾಗಿ ತಿಳಿದಿರುತ್ತಿತ್ತು, ಕೇಳಿದರೆ ಬೆರಳಿಟ್ಟು ತೋರಿಸುತ್ತಿದ್ದ. ಇನ್ನೊಂದಕ್ಕೆ ಬದಿಯೇ ಇಲ್ಲ, ಬರೀ ಮಂಜು. ಹಾಗಾದರೆ ಎರಡು ಬದಿ ಇದ್ದದ್ದು ಎಲ್ಲಿಯವರೆಗೆ? ಅದು ಪುಸ್ತಕದಲ್ಲಿ ಇರಲೇಬೇಕು. ಅವಳು ಎದ್ದು ಕಪಾಟಿನಿಂದ ಪುಸ್ತಕ ತೆಗೆದಳು. ಇದೊಂದು ಸಲ ಅವಳು ಸರಿಯಾಗಿ ಯೋಚಿಸಿದ್ದಳು, ಅದೂ ಅವನ ಗೊಂದಲವನ್ನು ಗಡ್ಡೆಯದರಿಂದ ಬೇರೆ ಮಾಡುವುದಕ್ಕೆ.

ಪುಟ ತಿರುಗಿಸುತ್ತ ಹೋದಾಗ ಎಂಟು ತಿಂಗಳ ಹಿಂದಿನ ತಾರೀಖು ಹಾಕಿದ ಒಂದು ಪುಟ ಸಿಕ್ಕಿತು. ಮೇಲೆ ‘ಹಳೇದು, ಐವತ್ತೆಂಟು ವರ್ಷದ್ದು’ ಎಂದಿತ್ತು. ಅಷ್ಟು ಹಳೆಯ ಮಿಷನ್ ಯಾರು ತಂದಿದ್ದರು ಎಂದು ಅವಳು ನೆನಪಿಸಿಕೊಳ್ಳುತ್ತ ಓದಿದಳು. ‘ಬೆಳಗ್ಗೆ ತಪ್ಪುತ್ತೆ, ಮಧ್ಯಾಹ್ನದ ಹೊತ್ತಿಗೆ ಸರಿಹೋಗುತ್ತೆ’ ಎಂದು ಎಡಗಡೆ. ‘ಬಲಗಾಲಿನ ಚಪ್ಪಲಿ ಕಳಚಿ ಬಿದ್ದದ್ದು ತಿಳಿಯಲಿಲ್ಲ’ ಎಂದು ಬಲಗಡೆ. ಮಿಷನ್ ಚಪ್ಪಲಿ ಹಾಕುವುದಿಲ್ಲ. ಐವತ್ತೆಂಟು ಎಂಬುದು ಅವನ ವಯಸ್ಸು.

ಅವನು ತನ್ನನ್ನೇ ರಿಪೇರಿಗೆ ತೆಗೆದುಕೊಂಡಿದ್ದ. ಪುಟಕ್ಕೆ ಪುಟ ಅದೇ ಇತ್ತು. ‘ವಸ್ತು ಗೊತ್ತು. ಹೆಸರು ಬರ್ತಿಲ್ಲ.’ ‘ದಾರಿ ಗೊತ್ತು. ಮನೆ ಗುರುತು ಸಿಗಲಿಲ್ಲ, ನೀರಿನ ಕೊಳಾಯಿ ನೋಡಿ ಗೊತ್ತಾಯ್ತು.’ ‘ಎದ್ದ ಕೂಡಲೇ ತಲೆನೋವು. ವಾಂತಿ ಮಾಡಿದ ಮೇಲೆ ಕಡಿಮೆ. ಅವಳು ಹಾಲು ತರೋಕೆ ಹೋಗಿದ್ದಳು.’ ಭಯದ ಮಾತು ಎಲ್ಲೂ ಇರಲಿಲ್ಲ. ಕೈಗೆ ಬಂದ ಯಾವ ಕೆಲಸವನ್ನಾದರೂ ಹೇಗೆ ಮಾಡುತ್ತಿದ್ದನೋ ಹಾಗೇ, ಅಷ್ಟೇ ಶ್ರದ್ಧೆಯಿಂದ ಮಾಡಿದ್ದ. ಹೋಗುತ್ತ ಹೋಗುತ್ತ ಅಕ್ಷರಗಳು ವಾಲಿದವು, ನಡುವಿನ ಗೆರೆ ಸೊಟ್ಟಗಾಯಿತು. ಓದಲು ಬರುವ ಕೊನೆಯ ಪುಟದಲ್ಲಿ ಎಡ ಬಲ ಎಂಬುದೇ ಇರಲಿಲ್ಲ, ಅಡ್ಡಡ್ಡಲಾಗಿ ಬರೆದಿದ್ದ.

‘ಅವಳಿಗೆ ಹೇಳಿದೆ. ಎರಡು ಸಲ ಹೇಳಿದೆ. ಒಳ್ಳೇದಾಯ್ತು ಅಂದಳು. ಅವಳು ಅಂದರೆ ಸರಿ ಇರಬೇಕು. ಕಾಯೋಣ.’

ಥಟ್ಟಮ್ಮ ಕೂಗಲಿಲ್ಲ. ಸ್ಟೂಲಿನಿಂದ ಜಾರಿ ನೆಲದ ಮೇಲೆ ಕೂತಳು. ಎದುರಿನ ದರ್ಜಿ ಬಾಗಿಲಲ್ಲಿ ಇಣುಕಿದವನು, ಅವಳು ಏನೋ ಯೋಚಿಸುತ್ತಿದ್ದಾಳೆಂದು ಸದ್ದಿಲ್ಲದೆ ಹಿಂದಕ್ಕೆ ಹೋದ. ಆ ಬೀದಿಗೆ ಅದೇ ಅಭ್ಯಾಸವಾಗಿತ್ತು.

ಮಧ್ಯಾಹ್ನದೊಳಗೆ ಅವಳು ಪುಸ್ತಕವನ್ನು ಡಾಕ್ಟರ ಮೇಜಿನ ಮೇಲೆ ಇಟ್ಟಳು. ಡಾಕ್ಟರು ಮೊದಲ ಪುಟ ನಿಂತೇ ಓದಿದಳು, ಎರಡನೆಯದಕ್ಕೆ ಕುರ್ಚಿ ಎಳೆದುಕೊಂಡು ಕೂತಳು. ತಾರೀಖು, ಬೆಳಗಿನ ತಲೆನೋವು, ಬಲಗಾಲು, ಎಲ್ಲ ಒಂದರ ಹಿಂದೊಂದು ಇತ್ತು. ರೋಗಿಯೊಬ್ಬ ತನ್ನ ಕಾಯಿಲೆಯನ್ನು ಇಷ್ಟು ಚೆನ್ನಾಗಿ ಬರೆದಿಟ್ಟದ್ದನ್ನು ತಾನು ನೋಡಿಲ್ಲ ಎಂದಳು. ಎಂಟು ತಿಂಗಳಿಂದ ಹೀಗೆ ಬಂದಿದ್ದರೆ ಇದು ನಿಧಾನದ ಗಡ್ಡೆ, ತೆಗೆಯೋಣ ಎಂದಳು. ಏಳು ಗಂಟೆ ಹಿಡಿಯಿತು. ಗೊಂದಲಪ್ಪ ಬದುಕಿದ. ಆದರೆ ಗಡ್ಡೆ ಅಷ್ಟು ದಿನ ಅದುಮಿ ಹಿಡಿದಿದ್ದ ಜಾಗದಲ್ಲಿ ಏನೇನಿತ್ತೋ ಅದರಲ್ಲಿ ಬಹಳಷ್ಟು ತಿರುಗಿ ಬರಲಿಲ್ಲ. ಮಾತು ಬಂತು, ನಡಿಗೆ ಬಂತು. ಅಂಗಡಿ ಬರಲಿಲ್ಲ, ಬೀದಿ ಬರಲಿಲ್ಲ. ಎರಡು ತಿಂಗಳಾದರೂ ಹೆಂಡತಿಯ ಗುರುತು ಬರಲಿಲ್ಲ.

ಮನೆಗೆ ಕರೆದುಕೊಂಡು ಹೊರಡುವ ದಿನ ಥಟ್ಟಮ್ಮ ಡಾಕ್ಟರನ್ನು ಕಾರಿಡಾರಿನಲ್ಲಿ ತಡೆದು ನಿಲ್ಲಿಸಿದಳು.

“ಅವರು ನಂಗೆ ಹೇಳಿದ ದಿನವೇ ಕರ್ಕೊಂಡು ಬಂದಿದ್ರೆ?”

ಡಾಕ್ಟರು ಸುಳ್ಳು ಹೇಳಬಹುದಿತ್ತು, ಎರಡು ಕಡೆಗೂ ಸುಲಭವಾಗಿತ್ತು.

“ನಂಗೆ ಗೊತ್ತಿಲ್ಲಮ್ಮ. ನಿಮ್ಮ ಗುರುತು ಉಳೀತಿತ್ತೋ ಏನೋ. ಉಳೀತಿರಲಿಲ್ವೋ ಏನೋ. ಗೊತ್ತಿದೆ ಅಂತ ಹೇಳಿದ್ರೆ ತಪ್ಪಾಗುತ್ತೆ.”

ಬೇರೆ ಯಾರಿಗೂ ಇಷ್ಟು ಸಂಕಟವಿರಲಿಲ್ಲ. ನಾದಿನಿ ಮೊದಲ ತಿಂಗಳು, ಎಲ್ಲ ನಿನ್ನಿಂದಲೇ ಅತ್ತಿಗೆ, ನಾನು ಬಾಯಿಬಿಟ್ಟು ಹೇಳಿದರೂ ಕೇಳಲಿಲ್ಲ ಎಂದು ಅತ್ತಳು. ಎರಡನೆಯ ತಿಂಗಳು ಅತ್ತಿಗೆ ಊಟ ಬಿಟ್ಟು ಇಳಿದುಹೋದದ್ದನ್ನು ಕಂಡು ಮರುಗಿ, ಹಣೆಯಲ್ಲಿ ಬರೆದದ್ದು ಯಾರಿಗೂ ತಪ್ಪದು, ನಿನ್ನ ತಪ್ಪೇನಿಲ್ಲ ಎಂದು ಸಮಾಧಾನ ಮಾಡಿದಳು. ಎರಡು ಸಲವೂ ಅವಳಿಗೆ ಎಲ್ಲ ಸ್ಪಷ್ಟವಾಗಿತ್ತು. ಥಟ್ಟಮ್ಮನಿಗೆ ಯಾವುದೂ ಹಿಡಿಸಲಿಲ್ಲ. ಗಂಡನನ್ನು ತಾನು ಜೀವದಷ್ಟು ಪ್ರೀತಿಸಿದ್ದು ನಿಜ. ಅವನು ಎರಡು ಸಲ ಕೈಚಾಚಿದಾಗ ನಕ್ಕು ಸುಮ್ಮನಾದದ್ದೂ ನಿಜ. ತಪ್ಪೆಲ್ಲ ತನ್ನದೇ ಎಂದುಬಿಟ್ಟರೆ ಇಪ್ಪತ್ತೊಂಬತ್ತು ವರ್ಷ ಕಾದದ್ದನ್ನು ಆಚೆ ಬಿಸಾಕಬೇಕು, ತಪ್ಪೇ ಇಲ್ಲ ಎಂದರೆ ಆ ಮಧ್ಯಾಹ್ನದ ಅವನ ಮುಖವನ್ನು ಬಿಸಾಕಬೇಕು. ಎರಡರಲ್ಲಿ ಯಾವುದನ್ನು ಬಿಟ್ಟರೂ ಹಗುರವಾಗಬಹುದಿತ್ತು. ಅವಳು ಬಿಡಲಿಲ್ಲ. ಹಗುರವಾಗಲು ಅವಳಿಗೆ ಇಷ್ಟವೂ ಇರಲಿಲ್ಲ.

ಈಗ ಅಂಗಡಿಯನ್ನು ಬೆಳಗ್ಗೆ ಮಾತ್ರ ತೆಗೆಯುತ್ತಾಳೆ. ಬೀದಿಯವರು ಅವಳನ್ನು ಥಟ್ಟಮ್ಮ ಎನ್ನುವುದನ್ನು ಬಿಟ್ಟಿದ್ದಾರೆ, ಯಾವಾಗ ಬಿಟ್ಟರೋ ಅವರಿಗೇ ಗೊತ್ತಿಲ್ಲ. ಸೂಜಿ ಬದಲಾಯಿಸುವುದು, ಎಣ್ಣೆ ಬಿಡುವುದು, ಬೆಲ್ಟು ಬಿಗಿ ಮಾಡುವುದು ಅವಳ ಕೈಯಲ್ಲಿ ಆಗುತ್ತದೆ. ಹಠ ಹಿಡಿದ ಮಿಷನ್ ಬಂದರೆ, ನಂಗೆ ತಿಳೀತಿಲ್ಲ, ಬೇರೆ ಕಡೆ ತೋರಿಸಿ ಎಂದು ಹೇಳಿ ಕಳಿಸುತ್ತಾಳೆ. ಆಗ ಅಂಗಡಿಯಲ್ಲಿ ಯಾರೂ ಏನೂ ಅನ್ನುವುದಿಲ್ಲ.

ಒಂದು ಮಧ್ಯಾಹ್ನ ಅವಳು ಊಟ ಬಡಿಸಿಕೊಂಡು ಒಳಗೆ ಹೋದಾಗ ಗೊಂದಲಪ್ಪ ಕಿಟಕಿಯ ಪಕ್ಕದ ಕುರ್ಚಿಯ ಅಂಚಿಗೆ ಬಂದು, ಬಸ್ಸಿಗೆ ಕಾಯುವವನಂತೆ ಮೊಣಕಾಲ ಮೇಲೆ ಕೈಯಿಟ್ಟು ಕೂತಿದ್ದ. ಅವಳನ್ನು ಕಂಡು ಮರ್ಯಾದೆಯಿಂದ ಎದ್ದು ನಿಲ್ಲಲು ಹೋದ. ಬಲಗಾಲು ಸಹಕರಿಸಲಿಲ್ಲ. ಅವಳು ತೋಳು ಹಿಡಿದು ಕೂರಿಸಿದಳು. ಏನು ಬೇಕು ಎಂದು ಕೇಳಿದಳು.

“ನಿಮಗೆ ತೊಂದರೆ ಕೊಡ್ತಿದೀನಿ,” ಎಂದ ಅವನು. “ನಾನು ಮನೆಗೆ ಹೋಗ್ಬೇಕಿತ್ತು. ದಾರಿ ತಪ್ಪಿದೆ ಅಂತ ಕಾಣುತ್ತೆ.”

ಮನೆಯಲ್ಲಿ ಯಾರಿದ್ದಾರೆ ಎಂದು ಅವಳು ಕೇಳಿದಳು.

“ಹೆಂಡತಿ ಇದಾಳೆ. ತುಂಬಾ ಚುರುಕು.” ಅವನ ಮುಖದಲ್ಲಿ ಹೆಮ್ಮೆ ಬಂದು ಹೋಯಿತು. “ಆದ್ರೆ ಅವಳು ಹುಡುಕ್ಕೊಂಡು ಬರಲ್ಲ ನೋಡಿ. ನಾನು ಎಲ್ಲೋ ಕೂತು ಯೋಚನೆ ಮಾಡ್ತಿದೀನಿ ಅಂದ್ಕೊಂಡಿರ್ತಾಳೆ. ಕಾಯ್ತಾ ಇರ್ತಾಳೆ, ಪಾಪ.”

ಅವಳು ತಟ್ಟೆಯನ್ನು ನೆಲದ ಮೇಲಿಟ್ಟು ಅವನ ಕಾಲ ಬುಡದಲ್ಲಿ ಕೂತಳು. ಅವನ ಎರಡು ಕೈಗಳನ್ನೂ ಹಿಡಿದುಕೊಂಡಳು.

“ಬಂದಿದೀನಿ ರೀ,” ಎಂದಳು. “ನಾನೇ. ಹುಡುಕ್ಕೊಂಡು ಬಂದಿದೀನಿ.”

ಅವನು ಆ ಮುಖವನ್ನು ಗಮನವಿಟ್ಟು ನೋಡಿದ, ಎಡಗಡೆಯಿಂದ ಒಮ್ಮೆ, ಬಲಗಡೆಯಿಂದ ಒಮ್ಮೆ. ಆಮೇಲೆ ಅವಳಿಗೆ ಬೇಸರವಾಗದಿರಲೆಂದು ಮೆಲ್ಲಗೆ ಕೈ ಬಿಡಿಸಿಕೊಂಡ.

“ನೀವು ಒಳ್ಳೆಯವರು,” ಎಂದ. “ಇನ್ನೊಂಚೂರು ಹೊತ್ತು ನೋಡ್ತೀನಿ. ಬಂದ್ರೂ ಬರಬಹುದು.”

ಅವನು ಕಿಟಕಿಯ ಕಡೆ ತಿರುಗಿದ. ಅವಳು ಅಲ್ಲೇ ನೆಲದ ಮೇಲೆ ಕೂತು, ಅನ್ನ ಕಲಸಿ, ಮೊದಲ ತುತ್ತನ್ನು ಅವನ ಬಾಯಿಯ ಹತ್ತಿರ ಹಿಡಿದಳು.